ಬಾಂಡು ಬ್ರೆಡ್ಡಲ್ಲ

ನನ್ನ ಎಡಮಂಡಿ ಸವೆದು ಹೋಗಿತ್ತು. ಮೂವತ್ತೊಂದು ವರ್ಷ ನಮ್ಮದೇ ಬೇಕರಿಯ ಕೌಂಟರಿನ ಹಿಂದೆ ನಿಂತರೆ ಇನ್ನೇನಾಗುತ್ತದೆ? ನಮ್ಮ ಯಜಮಾನರು ಭಟ್ಟಿಯ ಮುಂದೆ, ನಾನು ಗಿರಾಕಿಗಳ ಮುಂದೆ. ಒಂದೂವರೆ ವರ್ಷದೊಳಗೆ ಆಪರೇಷನ್ ಮಾಡಿಸಿಕೊಳ್ಳಿ, ಆಮೇಲೆ ನನ್ನನ್ನು ದೂರಬೇಡಿ ಎಂದು ಡಾಕ್ಟರು ಹೇಳಿದ್ದರು. ಆಗಲಿ ಎಂದು ಬಂದೆ. ದುಡ್ಡಿದೆಯಲ್ಲ ಎಂಬ ಧೈರ್ಯ ನನಗೆ.

ಆ ದುಡ್ಡಿನ ಕಥೆ ಇಷ್ಟು. ಅದಕ್ಕೂ ಮೂರು ವರ್ಷ ಮುಂಚೆ ನಾವು ಎರಡು ಸರ್ಕಾರಿ ಬಾಂಡು ಕೊಂಡಿದ್ದೆವು. ಬಾಂಡೆಂದರೆ ಭಯ ಬೀಳಬೇಡಿ. ನಾವು ಸರ್ಕಾರಕ್ಕೆ ಸಾಲ ಕೊಡುತ್ತೇವೆ, ಸರ್ಕಾರ ವರ್ಷವರ್ಷ ಬಡ್ಡಿ ಕೊಡುತ್ತದೆ, ಹೇಳಿದ ತಾರೀಖಿಗೆ ಅಸಲು ವಾಪಸ್ಸು ಕೊಡುತ್ತದೆ. ಅಷ್ಟೇ. ನಮ್ಮವು ಎರಡೆರಡು ಲಕ್ಷದವು, ಬಡ್ಡಿ ನೂರಕ್ಕೆ ಆರು. ಒಂದರ ಅಸಲು ಇನ್ನು ಹದಿನಾಲ್ಕು ತಿಂಗಳಿಗೆ ಬರುವುದಿತ್ತು. ಅದು ನನ್ನ ಮಂಡಿಗೆ. ಇನ್ನೊಂದರದು ಏಳು ವರ್ಷಕ್ಕೆ. ಅದು ಕೈಲಾಗದೆ ಅಂಗಡಿ ಮುಚ್ಚುವ ಕಾಲಕ್ಕೆ. ಬೇಗ ಬರುವುದನ್ನು ಸಣ್ಣದು, ತಡವಾಗಿ ಬರುವುದನ್ನು ದೊಡ್ಡದು ಎಂದು ಕರೆಯುತ್ತಿದ್ದೆವು.

ಇನ್ನು ನಮ್ಮ ಯಜಮಾನರ ವಿಷಯ. ಬೇಕರಿಯಲ್ಲಿ ಒಂದು ಪದ್ಧತಿ ಇದೆ. ಸಂಜೆ ಏಳರ ಮೇಲೆ ಉಳಿದ ಬ್ರೆಡ್ಡು ಅರ್ಧ ರೇಟು. ನಾಳೆಗೆ ಹಳಸುತ್ತದೆ, ಸಿಕ್ಕಷ್ಟಕ್ಕೆ ಮಾರಿ ಕೈ ತೊಳೆದುಕೋ. ಅವರ ಪಾಲಿಗೆ ಅದೇ ವೇದವಾಕ್ಯ. ಹಳೇ ಸೈಕಲ್ಲು, ಮಗಳ ಹೊಲಿಗೆ ಮಷೀನು, ಎಲ್ಲವನ್ನೂ ಇದೇ ಲೆಕ್ಕದಲ್ಲಿ ಮಾರಿದ ಮಹಾನುಭಾವರು.

ಆ ವರ್ಷ ಬಡ್ಡಿ ದರ ಏರತೊಡಗಿತು. ಆರಿದ್ದದ್ದು ಏಳಾಯಿತು, ಏಳಿದ್ದದ್ದು ಎಂಟಾಯಿತು. ಹಿಟ್ಟು ಉಬ್ಬಲು ಇಟ್ಟು ಇವರು ಮೊಬೈಲು ಹಿಡಿದು ಕೂರುತ್ತಿದ್ದರು. ನಮ್ಮ ಬಾಂಡುಗಳನ್ನು ಇವತ್ತು ಮಾರಿದರೆ ಎಷ್ಟು ಬರುತ್ತದೆ ಎಂದು ಅದರಲ್ಲಿ ಕಾಣುತ್ತಿತ್ತು. ದಿನದಿನಕ್ಕೆ ಇಳಿಯುತ್ತಿತ್ತು. ಮುಖವೂ ಅದರ ಜೊತೆಗೇ ಇಳಿಯುತ್ತಿತ್ತು. ನಾನು ಕೇಳಲಿಲ್ಲ. ಕೇಳಲು ನನಗೂ ತ್ರಾಣವಿರಲಿಲ್ಲ.

ಒಂದು ಮಧ್ಯಾಹ್ನ ಬ್ಯಾಂಕಕ್ಕ ಬಂದರು. ಬ್ಯಾಂಕಿನಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಈಗ ದಿನಾ ಅರ್ಧ ಬ್ರೆಡ್ಡು ಕೊಂಡು, ಒಂದು ಗಂಟೆ ನನ್ನ ಸ್ಟೂಲಿನ ಮೇಲೆ ಕೂತು ಹೋಗುತ್ತಾರೆ. ಯಜಮಾನರು ಹಿಟ್ಟಿನ ಕೈಯಲ್ಲೇ ಒಳಗಿಂದ ಬಂದು ಒಂದು ಫಾರಂ ಅವರ ಮುಂದಿಟ್ಟರು. ಮೂಲೆಮನೆಯ ಫೈನಾನ್ಸಿನವನು ಕೊಟ್ಟದ್ದಂತೆ. ನೂರಕ್ಕೆ ಹದಿನಾರು ಬಡ್ಡಿಯಂತೆ. ದೊಡ್ಡ ಬಾಂಡು ಮಾರಿದ ದುಡ್ಡನ್ನು ಅಲ್ಲಿ ಹಾಕಬೇಕು, ಸಣ್ಣದನ್ನೂ ನಾಳೆ ಮಾರಿ ಸೇರಿಸಬೇಕು ಎಂದರು.

"ಮಾರಿದ್ರಾ? ಯಾವಾಗ?" ಎಂದೆ.

ಏಳು ವರ್ಷದ್ದನ್ನು ಹೋದ ತಿಂಗಳೇ ಮಾರಿದ್ದರು. ಎರಡು ಲಕ್ಷದ್ದಕ್ಕೆ ಒಂದು ಲಕ್ಷ ಎಂಬತ್ತು ಸಾವಿರ ಬಂದಿತ್ತು.

"ಇನ್ನೂ ಇಳಿಯೋದಕ್ಕೆ ಮುಂಚೆ ಮಾರ್ದೆ ಕಣೆ. ಇಲ್ದಿದ್ರೆ ಇದೂ ಸಿಗ್ತಿರ್ಲಿಲ್ಲ," ಎಂದರು. ತಪ್ಪು ಮಾಡಿದವರ ದನಿಯಲ್ಲ, ದಣಿದವರ ದನಿ. ಬೈಯಬೇಕೆನಿಸಿತು. ಬೈಯಲೂ ಸುಸ್ತು. ಸುಮ್ಮನೆ ಟ್ರೇ ಒರೆಸಿದೆ.

ಬ್ಯಾಂಕಕ್ಕ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು. "ಯಾಕೆ ಇಳೀತು ಅಂತ ಗೊತ್ತೇನಪ್ಪಾ?" ಎಂದು ಕೇಳಿದರು.

ಸರ್ಕಾರಕ್ಕೆ ಏನೋ ತೊಂದರೆ ಬಂದಿರಬೇಕು ಎಂದರು ಇವರು.

ತೊಂದರೆ ಏನೂ ಇಲ್ಲ ಎಂದು ಅಕ್ಕ ಬಿಡಿಸಿ ಹೇಳಿದರು. ಇವತ್ತು ಹೊಸ ಬಾಂಡು ನೂರಕ್ಕೆ ಎಂಟು ಕೊಡುತ್ತಿದೆ. ನಮ್ಮದು ಆರೇ ಕೊಡುವುದು. ಎಂಟರದ್ದು ಪಕ್ಕದಲ್ಲಿ ಸಿಗುವಾಗ ಆರರದ್ದನ್ನು ಪೂರಾ ಬೆಲೆಗೆ ಯಾರು ಕೊಳ್ಳುತ್ತಾರೆ? ಕಡಿಮೆಗೆ ಕೇಳುತ್ತಾರೆ. ಬಡ್ಡಿ ದರ ಏರಿದರೆ ಹಳೇ ಬಾಂಡಿನ ಬೆಲೆ ಇಳಿಯುವುದು ಅದಕ್ಕೇ. ಇನ್ನೂ ತುಂಬಾ ವರ್ಷ ಉಳಿದಿರುವುದು ಹೆಚ್ಚು ಇಳಿಯುತ್ತದೆ, ಸ್ವಲ್ಪ ಉಳಿದಿರುವುದು ಸ್ವಲ್ಪ.

"ಅದನ್ನೇ ನಾನೂ ಹೇಳ್ತಿರೋದು. ಇಳೀತಾ ಇರೋದನ್ನ ಇಟ್ಕೊಂಡು ಕೂತ್ರೆ ಬೂಸ್ಟು ಹಿಡಿಯುತ್ತೆ," ಎಂದರು ಯಜಮಾನರು.

"ಬೂಸ್ಟು ಹಿಡಿಯೋಕೆ ಅದು ಬ್ರೆಡ್ಡಲ್ಲಪ್ಪಾ. ಬ್ರೆಡ್ಡಿಗೆ ದಿನ ಕಳೆದಷ್ಟೂ ಬೆಲೆ ಹೋಗುತ್ತೆ. ಬಾಂಡಿಗೆ ತಾರೀಖು ಹತ್ರ ಬಂದಷ್ಟೂ ಬೆಲೆ ತನ್ನ ಅಸಲಿನ ಹತ್ರಾನೇ ಬರುತ್ತೆ. ಮಾರೋರಿಗೆ ಮಾತ್ರ ಇವತ್ತಿನ ರೇಟು. ಕಾಯೋರಿಗೆ ತಾರೀಖು."

ಯಜಮಾನರು ಬೆರಳಿಗೆ ಅಂಟಿದ ಹಿಟ್ಟನ್ನು ಉಜ್ಜುತ್ತಾ ನಿಂತರು.

ಹೇಳಿದ ತಾರೀಖಿಗೆ ಪೂರ್ತಿ ಬರುತ್ತದೆ ಎಂಬುದು ಸಾಲ ತೆಗೆದುಕೊಂಡವರು ಗಟ್ಟಿ ಇದ್ದರೆ ಮಾತ್ರ ಎಂದೂ ಅಕ್ಕ ಹೇಳಿದರು. ಎಲ್ಲರೂ ಎಂಟು ಕೊಡುವಾಗ ಒಬ್ಬ ಹದಿನಾರು ಕೊಡುತ್ತೇನೆಂದರೆ, ಉಳಿದ ಎಂಟು ನಮ್ಮ ಅಸಲನ್ನು ಪಣಕ್ಕಿಟ್ಟದ್ದರ ಕೂಲಿ. "ಇವಳ ಮಂಡೀನ ಆ ಮೂಲೆಮನೆ ಕೈಗೆ ಕೊಡ್ತೀಯಾ?" ಎಂದು ಕೇಳಿದರು, ದನಿ ಏರಿಸದೆ.

ಆಗ ಇವರು ನನ್ನ ಕಾಲು ನೋಡಿದರು. ಎಷ್ಟೋ ತಿಂಗಳಾಗಿತ್ತು ನೋಡಿ.

"ಮಾರಿದ್ದನ್ನ ಏನ್ ಮಾಡ್ಲಿ ಅಕ್ಕಾ?"

ಮಾರಿದ್ದಾಯಿತು, ಅದಕ್ಕೆ ಅಳಬೇಡಿ ಎಂದರು ಅಕ್ಕ. ಏರಿದ ಬಡ್ಡಿ ಈಗ ನಿಮ್ಮ ಕಡೆಗೂ ಕೆಲಸ ಮಾಡುತ್ತದೆ. ಆ ದುಡ್ಡನ್ನು ಮೂರು ಪಾಲು ಮಾಡಿ ಒಂದು ವರ್ಷದ್ದು, ಎರಡು ವರ್ಷದ್ದು, ಮೂರು ವರ್ಷದ್ದು ಎಂದು ಗಟ್ಟಿ ಜಾಗದಲ್ಲಿ ಹಾಕಿ. ವರ್ಷಕ್ಕೊಂದು ಪಾಲು ಕೈಗೆ ಬರುತ್ತದೆ, ಅದನ್ನು ಮತ್ತೆ ಮೂರು ವರ್ಷಕ್ಕೆ ಹಾಕಿ. ಆಗ ದರ ಇನ್ನೂ ಏರಿದ್ದರೆ ಆ ಪಾಲಿಗೆ ಅದು ಸಿಗುತ್ತದೆ. ಇಳಿದಿದ್ದರೆ ಉಳಿದ ಪಾಲುಗಳಿಗೆ ಹಳೇ ದರ ಇದ್ದೇ ಇದೆ. ಇಪ್ಪತ್ತು ಸಾವಿರದ ತೂತು ಒಂದೇ ಸಲಕ್ಕೆ ಮುಚ್ಚುವುದಿಲ್ಲ, ವರ್ಷಗಳು ಹಿಡಿಯುತ್ತವೆ. ಸಣ್ಣ ಬಾಂಡನ್ನು ಮಾತ್ರ ಮುಟ್ಟಬೇಡಿ.

ಯಜಮಾನರು ಫಾರಂ ಮಡಚಿ ಭಟ್ಟಿಗೆ ಹಾಕಿದರು. ಅಂದಿನಿಂದ ಮೊಬೈಲಿನಲ್ಲಿ ರೇಟು ನೋಡುವುದನ್ನೂ ಬಿಟ್ಟರು ಎಂದರೆ ಸುಳ್ಳಾಗುತ್ತದೆ. ನೋಡುತ್ತಿದ್ದರು, ನಿಟ್ಟುಸಿರು ಬಿಡುತ್ತಿದ್ದರು, ಮಾರುತ್ತಿರಲಿಲ್ಲ.

ಆ ಹದಿನಾಲ್ಕು ತಿಂಗಳೂ ನಾನು ಕಂಬ ಹಿಡಿದು, ಗೋಡೆ ಹಿಡಿದು ಕೌಂಟರಿನಲ್ಲಿ ನಿಂತೆ. ತಾರೀಖು ಬಂತು. ಎರಡು ಲಕ್ಷ, ಒಂದು ಪೈಸೆ ಕಡಿಮೆಯಿಲ್ಲದೆ ಖಾತೆಗೆ ಬಂತು. ಮೆಸೇಜು ಓದಿ ನಾನು ಅತ್ತೆ. ನೋವು ತಾಳಿಕೊಂಡದ್ದು ಸಾರ್ಥಕವಾಯಿತಲ್ಲ ಎಂದು ಅತ್ತೆ.

ಆಪರೇಷನ್ ಆಯಿತು. ಆಸ್ಪತ್ರೆಯಲ್ಲಿ ಮೂರನೇ ದಿನ ನನ್ನನ್ನು ಎಬ್ಬಿಸಿ ನಡೆಸಿದರು. ಯಜಮಾನರು ಪಕ್ಕದಲ್ಲಿ ನನ್ನ ತೋಳು ಹಿಡಿದಿದ್ದರು. ಕಿಟಕಿಯವರೆಗೆ ಹೋಗಿ ನಿಂತಾಗ, ನನ್ನ ಮುಖ ನೋಡದೆ ಹೇಳಿದರು, "ಆ ದೊಡ್ಡದನ್ನ ನಿನ್ನ ಒಂದು ಮಾತು ಕೇಳಿ ಮಾರ್ಬೇಕಿತ್ತು."

ಕೇಳಿದ್ದರೆ ನಾನು ಬೇಡ ಎನ್ನುತ್ತಿದ್ದೆ. ನನಗೆ ಬಡ್ಡಿಯ ಲೆಕ್ಕ ಗೊತ್ತಿತ್ತೆಂದಲ್ಲ. ಅದು ಯಾವ ಕಾಲಕ್ಕೆ ಎತ್ತಿಟ್ಟ ದುಡ್ಡು ಎಂಬುದು ಗೊತ್ತಿತ್ತು.

ಅಕ್ಕಂದಿರೇ, ಅಣ್ಣಂದಿರೇ, ಬಡ್ಡಿ ದರ ಏರುವ ಕಾಲದಲ್ಲಿ ನಿಮ್ಮ ಬಾಂಡಿನ ಬೆಲೆಯೂ ಇಳಿಯುತ್ತದೆ. ಹೆದರಿ ಮಾರಬೇಡಿ. ದುಡ್ಡು ಯಾವಾಗ ಬೇಕೋ ಆ ಹೊತ್ತಿಗೆ ಅಸಲು ಬರುವಂಥದ್ದನ್ನೇ ಕೊಳ್ಳಿ. ಬಾಂಡ್ ಫಂಡಿಗೆ ಹೀಗೆ ಅಸಲು ತಿರುಗಿ ಬರುವ ತಾರೀಖು ಇರುವುದಿಲ್ಲ, ಅದನ್ನು ಬೇರೆಯಾಗಿ ಕೇಳಿ ತಿಳಿದುಕೊಳ್ಳಿ. ಹೆಚ್ಚು ಬಡ್ಡಿಯ ಆಸೆ ತೋರಿಸಿದವನಿಗೆ ಅಸಲು ಕೊಡಬೇಡಿ. ಇಷ್ಟಾದ ಮೇಲೂ ಮಾರಲೇಬೇಕು ಅನಿಸಿದರೆ, ಆ ದುಡ್ಡು ಯಾರ ನೋವಿಗೆಂದು ಎತ್ತಿಟ್ಟಿದ್ದೋ ಅವರನ್ನು ಮೊದಲು ಕೇಳಿ. ಅವರು ಪಕ್ಕದ ಕೋಣೆಯಲ್ಲೇ ಇರುತ್ತಾರೆ.