ಅಕ್ಕನ ಕುತ್ತಿಗೆ

ರೊಡೆಲ್ ಬತೀಸ್ತ್ ಲಾರಿಗಳಿಗೆ ಕಾರು ಗುದ್ದಿಸಿಯೇ ಹೊಟ್ಟೆ ಹೊರೆಯುತ್ತಿದ್ದ. ನ್ಯೂ ಓರ್ಲಿಯನ್ಸಿನ ಪೂರ್ವದ ಹೆದ್ದಾರಿಯಲ್ಲಿ ಈ ಕಸುಬಿನವರು ಬೇಕಾದಷ್ಟಿದ್ದರು, ಅವನಷ್ಟು ಕೈಪಳಗಿದವರು ಕಡಿಮೆ. ಉದ್ದನೆಯ ಲಾರಿಯ ಪಕ್ಕ, ಅದರ ಡ್ರೈವರಿನ ಕನ್ನಡಿಗೆ ಬೀಳದ ಜಾಗದಲ್ಲಿ ಕಾರನ್ನು ಅಂಟಿಸಿಕೊಂಡು ಹೋಗುವನು. ಲಾರಿ ತುಸು ಈಚೆ ಹೊರಳಿದ್ದೇ ತಡ, ತಾನಾಗಿ ಹೋಗಿ ಮೈಕೊಡುವನು. ತಗಡು ಹರಿದು ಕಾರು ನಿಂತಮೇಲೆ ಇಳಿದು, ಹಿಂದೆ ಬರುತ್ತಿದ್ದ ಇನ್ನೊಂದು ಕಾರು ಹತ್ತಿ ಮಾಯವಾಗುವನು. ಪರಿಹಾರದ ಆಸೆಗೆ ಒಳಗೆ ಕೂತವರಲ್ಲೊಬ್ಬರು ಡ್ರೈವರ್ ಸೀಟಿಗೆ ಜರುಗಿ ಗೋಳಾಡಲು ಶುರುಮಾಡುವರು. ಆಮೇಲಿನದು ವಕೀಲರ ಕೆಲಸ.

ವಕೀಲರಿಗೇನು ಬರವೇ? ಹೆದ್ದಾರಿಯುದ್ದಕ್ಕೂ ಮನೆಯೆತ್ತರದ ಜಾಹೀರಾತು ಹಲಗೆಗಳ ಮೇಲೆ ಬಾಕ್ಸಿಂಗ್ ಕೈಗವಸು ತೊಟ್ಟು, ಹಲ್ಲು ಕಿರಿದುಕೊಂಡು ನಿಂತಿರುತ್ತಾರೆ. ತೀರ್ಪು ಕೊಡಲು ಜ್ಯೂರಿಯಲ್ಲಿ ಕೂರುವ ಊರ ಜನಕ್ಕೆ ವಿಮೆ ಕಂಪನಿ ಅಂದರೆ ಮೈ ಉರಿ. ಅದು ಗೊತ್ತಿದ್ದೇ ಕಂಪನಿಯವರು ಕೇಸು ಕೋರ್ಟಿನ ಮೆಟ್ಟಿಲು ಹತ್ತುವ ಮೊದಲೇ ಕೈಬಿಚ್ಚಿ ಕೊಡುತ್ತಾರೆ. ಹಾಗೆ ಕೊಟ್ಟದ್ದನ್ನು ಸ್ವಂತ ಗಂಟಿನಿಂದ ಕೊಡಲು ಅವರೇನು ಧರ್ಮಛತ್ರ ಇಟ್ಟಿಲ್ಲ. ಮರುವರ್ಷ ಊರಿನ ಅಷ್ಟೂ ಕಾರುಗಳ ವಿಮೆಯ ಕಂತಿನ ಮೇಲೆ ಅದನ್ನು ಹೇರುತ್ತಾರೆ.

ರೊಡೆಲ್‌ನ ಅಕ್ಕ ವರ್ಲೀನ್‌ಗೂ ಹೇರಿದ್ದರು. ಮನೆಮನೆಗೆ ಹೋಗಿ ಹಾಸಿಗೆ ಹಿಡಿದ ಮುದುಕರನ್ನು ನೋಡಿಕೊಳ್ಳುವುದು ಅವಳ ಕೆಲಸ. ಕಾರಿಲ್ಲದೆ ಆ ಕೆಲಸವಿಲ್ಲ. ಕಂತು ಮನೆಬಾಡಿಗೆಯನ್ನೂ ಮೀರಿದಾಗ ಕಟ್ಟುವುದನ್ನು ಬಿಟ್ಟಳು. ಪೊಲೀಸರು ಹಿಡಿದು ನಂಬರ್ ಪ್ಲೇಟ್ ಬಿಚ್ಚಿಕೊಂಡು ಹೋದರು. ಕಾರು ಅಂಗಳದಲ್ಲಿ ಕೊಳೆಯತೊಡಗಿತು.

ಸೋಮವಾರ. ಒಲೆಯ ಮೇಲೆ ಎಂದಿನಂತೆ ಕೆಂಪು ಹುರುಳಿಕಾಯಿ ಬೀಜ ಬೇಯುತ್ತಿತ್ತು. ವರ್ಲೀನ್ ಸೌಟನ್ನು ತಮ್ಮನ ಮೂಗಿನ ಹತ್ತಿರ ಹಿಡಿದು ಕೇಳಿದಳು.

"ಲೋ, ನಾನು ಹುಟ್ಟಿದಾಗಿಂದ ಯಾರ ಕಾರಿಗೂ ಒಂದು ಗೀರು ಹಾಕಿಲ್ಲ. ಆದ್ರೂ ನನ್ನ ಕಂತು ಯಾಕೋ ಏರುತ್ತೆ? ನಿನ್ನಂಥ ಪುಣ್ಯಾತ್ಮರಿಂದ."

"ನಾನೊಬ್ನೇನಾ ಅಕ್ಕ ಮಾಡೋದು?"

"ನೀನು ಗುದ್ದೋದು, ನಾನು ಕಟ್ಟೋದು. ಇಷ್ಟು ವರ್ಷ ಕಟ್ಟಿದೀನಿ. ಈಗ ವಾಪಸ್ ಬೇಕು. ನನ್ನೂ ಕೂರಿಸ್ಕೋ."

"ನಿನಗೆ ಬೇಡಕ್ಕ. ಏಟು ಬೀಳುತ್ತೆ."

"ಕುಡಿದು ಬಂದ ಅಪ್ಪನ ಬೆಲ್ಟಿಗೆ ನಿನ್ನ ಬದಲು ಬೆನ್ನು ಕೊಟ್ಟೋಳು ಯಾರೋ? ನನಗೆ ಏಟಿನ ಪಾಠ ಹೇಳ್ತಾನೆ."

ರೊಡೆಲ್ ಒಪ್ಪಿಕೊಂಡ. ಅಮ್ಮ ಸತ್ತಮೇಲೆ ಅವನನ್ನು ಸಾಕಿದವಳು ಅವಳೇ.

ವಕೀಲರ ಪರವಾಗಿ ಜನ ಹೊಂದಿಸುವವನು ಆರ್ಮಾಂಡ್. ಬೂಟಿಗೆ ಸದಾ ಹೊಳಪು, ಸೊಂಟದಲ್ಲಿ ಸದಾ ಪಿಸ್ತೂಲು. ಅವನು ಬಂದು ಕಾರು ನೋಡಿ, ಒಂದು ತಿಂಗಳ ವಿಮೆ ತಾನೇ ಕಟ್ಟಿ ಪ್ಲೇಟು ಬಿಡಿಸಿಕೊಟ್ಟ. ವಿಮೆಯಿಲ್ಲದೆ ರಸ್ತೆಗಿಳಿದವರಿಗೆ, ತಪ್ಪು ಎದುರಿನವನದೇ ಆದರೂ, ಪರಿಹಾರದಲ್ಲಿ ಒಂದು ದೊಡ್ಡ ಪಾಲು ಸಿಗದು ಎಂಬುದು ಆ ರಾಜ್ಯದ ಕಾನೂನು.

"ಕಾರು ನಿಮ್ಮ ಹೆಸರಲ್ಲಿದೆ ಮೇಡಂ," ಅಂದ. "ಪೊಲೀಸ್ ಬರೋವಾಗ ಸ್ಟಿಯರಿಂಗ್ ಹಿಂದೆ ನೀವೇ ಇರ್ಬೇಕು. ಇವನು ಅಲ್ಲಿ ಇರ್ಲೇ ಇಲ್ಲ. ಬೇರೆ ಏನು ಮರೆತ್ರೂ ಇದು ಮರೀಬೇಡಿ."

ಗೋಳಾಡುವುದನ್ನು ಕಲಿಸಿದವನು ರೊಡೆಲ್. "ಕೈ ಗೊತ್ತಾಗ್ತಿಲ್ಲ, ಮರಗಟ್ಟಿದೆ ಅನ್ನು. ಮೂಳೆ ಮುರಿದಿದೆ ಅಂದ್ರೆ ಎಕ್ಸ್‌ರೇ ತೆಗೀತಾರೆ. ಕೈ ಗೊತ್ತಾಗ್ತಿಲ್ಲ ಅಂದ್ರೆ ಯಾವ ಡಾಕ್ಟರೂ ಸುಳ್ಳು ಅನ್ನಲ್ಲ." ವರ್ಲೀನ್ ಕುರ್ಚಿಯಲ್ಲಿ ಒರಗಿ, "ಅಯ್ಯೋ ಕೈ ಗೊತ್ತಾಗ್ತಿಲ್ಲ," ಎಂದು ನರಳಿ ತೋರಿಸಿ, ತಾನೇ ಬಿದ್ದು ಬಿದ್ದು ನಕ್ಕಳು.

ಮರುದಿನ ಬೆಳಿಗ್ಗೆ ಹೊರಟರು. ಅಲ್ಲಿನ ರೂಢಿಯಂತೆ ಎಡಗಡೆ ಕೂತು ಅವನು ಸ್ಟಿಯರಿಂಗ್ ಹಿಡಿದಿದ್ದ, ಅವಳು ಬಲಗಡೆ ಪಕ್ಕದಲ್ಲಿ, ಹಿಂದೆ ದೂರದಲ್ಲಿ ಆರ್ಮಾಂಡನ ಕಾರು. ಸೇತುವೆ ಇಳಿಯುವಲ್ಲಿ ಬಿಳಿ ಲಾರಿಯೊಂದು ಸಿಕ್ಕಿತು. ಎಡಕ್ಕೆ ಬರಲು ಅದು ದೀಪ ಮಿನುಗಿಸಿತು. ರೊಡೆಲ್ ಹಲ್ಲು ಕಚ್ಚಿ ಕಾರನ್ನು ಅದರತ್ತ ತಿರುಗಿಸಿದ.

ಎಂದಿನಂತೆ ತಗಡು ಮಾತ್ರ ಹರಿಯಬೇಕಿತ್ತು. ಆದರೆ ಲಾರಿಯ ಹಿಂಭಾಗದ ಕಬ್ಬಿಣ ಅವಳ ಕಡೆಯ ಬಾಗಿಲಿಗೆ ಕೊಕ್ಕೆಯಂತೆ ಸಿಕ್ಕಿಕೊಂಡಿತು. ಲಾರಿ ಕಾರನ್ನು ಎಳೆಯಿತು. ಗಾಜು ಒಡೆದು ಮುಖಕ್ಕೆ ರಾಚಿತು. ಬಾಗಿಲು ಒಳಕ್ಕೆ ಮಡಚಿ ಬಂತು. ಕಾರು ಗಿರ್ರನೆ ತಿರುಗಿ ಕಾಂಕ್ರೀಟ್ ತಡೆಗೋಡೆಗೆ ಹಿಂಬದಿಯಿಂದ ಅಪ್ಪಳಿಸಿತು. ವರ್ಲೀನ್‌ಳ ತಲೆ ಮುಂದೆ ಹೋಗಿ, ಹಿಂದೆ ಬಂದು, ಒಂದು ಪಕ್ಕಕ್ಕೆ ವಾಲಿತು.

"ರೊಡೆಲ್," ಅಂದಳು. "ಕೈ ಗೊತ್ತಾಗ್ತಿಲ್ಲ ಕಣೋ."

"ಭೇಷ್. ಹಾಗೇ ಅಂತಿರು. ಈಗ ಈಕಡೆ ಜರುಗು."

"ಜರುಗಕ್ಕಾಗ್ತಿಲ್ಲ. ನಿಜವಾಗ್ಲೂ."

"ನನ್ನ ಹತ್ರ ಯಾಕೆ ನಾಟಕ? ಜರುಗಕ್ಕ, ಟೈಮಿಲ್ಲ."

ಅವಳು ಜರುಗಲಿಲ್ಲ. ಆರ್ಮಾಂಡ್ ಹಿಂದಿನಿಂದ ಹಾರ್ನ್ ಬಾರಿಸುತ್ತಿದ್ದ. ರೊಡೆಲ್ ಕೆಳಗಿಳಿದು, ಬಗ್ಗಿ, ಅವಳ ಕಂಕುಳಿಗೆ ಎರಡೂ ಕೈ ಹಾಕಿ ಮೂಟೆ ಎಳೆದಂತೆ ಎಳೆದ. ಅವಳು ಚೀರಿದಳು. ಚೆನ್ನಾಗಿ ಚೀರುತ್ತಾಳೆ ಎಂದುಕೊಂಡ, ಪಾಪಿ. ಅರ್ಧ ಎಳೆದಿದ್ದಾಗ ಹಿಂದಿನಿಂದ ಬಲವಾದ ಕೈಯೊಂದು ಅವನ ಅಂಗಿ ಹಿಡಿಯಿತು. ಲಾರಿಯ ಡ್ರೈವರ್. ದಪ್ಪ ಮನುಷ್ಯ, ಓಡಿಬಂದು ಏದುಸಿರು ಬಿಡುತ್ತಿದ್ದ.

"ಅಲ್ಲಾಡಿಸ್ಬೇಡ ಮಾರಾಯ. ಕುತ್ತಿಗೆ ನೋಡು, ಕುತ್ತಿಗೆ."

ಸಿಕ್ಕಿಬಿದ್ದೆ ಎಂದಷ್ಟೇ ರೊಡೆಲ್‌ನ ತಲೆಗೆ ಹೋದದ್ದು. ಸೀಟಿನಡಿಯ ಚಕ್ರ ಬಿಚ್ಚುವ ಪಾನಾ ಕೈಗೆ ಬಂತು. ಬೀಸಿ ಹೊಡೆದ. ದವಡೆ ಮುರಿದ ಸದ್ದು ಕೇಳಿಸಿತು. ಡ್ರೈವರ್ ಮಂಡಿಯೂರಿದ, ಬಾಯಿಂದ ರಕ್ತದೊಡನೆ ಹಲ್ಲು ಬಿತ್ತು. ಆದರೂ ಒಂದು ಕೈ ಚಾಚಿ ರೊಡೆಲ್‌ನ ಕಾಲು ಹಿಡಿದುಕೊಂಡ. ರೊಡೆಲ್ ಆ ಕೈಯನ್ನು ಬೂಟಿನಿಂದ ತುಳಿದ, ಪಕ್ಕೆಗೆ ಒದ್ದ, ಅವನು ಮಗುಚಿ ಬೀಳುವವರೆಗೆ ಒದ್ದ. ಆಮೇಲೆ ಅಕ್ಕನನ್ನು ಪೂರ್ತಿ ಎಳೆದು, ಸ್ಟಿಯರಿಂಗ್ ಹಿಂದೆ ಕೂರಿಸಿ, ತಲೆಯನ್ನು ನೆಟ್ಟಗೆ ಮಾಡಿ ಒರಗಿಸಿ ಓಡಿದ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಅವನಿಗೆ ಬಿಡಿಸಿ ಹೇಳಿದಳು. ಗುದ್ದಿದಾಗ ಕುತ್ತಿಗೆಯ ಮೂಳೆ ಸೀಳಿತ್ತು, ಅಷ್ಟೇ. ಅಲ್ಲಾಡಿಸದೆ ತಂದಿದ್ದರೆ ಎದ್ದು ಓಡಾಡುವ ಸಂಭವವಿತ್ತು. ಯಾರೋ ಎಳೆದಾಡಿದ್ದಾರೆ. ಒಳಗಿನ ನರದ ಹುರಿ ಜಜ್ಜಿಹೋಗಿದೆ. ಇನ್ನು ಕತ್ತಿನ ಕೆಳಗೆ ಏನೂ ಇಲ್ಲ.

"ನೀವು ಅವ್ರಿಗೆ ಏನಾಗ್ಬೇಕು?" ಎಂದು ಅವಳು ಕೇಳಿದಳು.

"ತಮ್ಮ," ಅಂದ.

ಕಾರು ನಿಲ್ಲಿಸುವ ಜಾಗದಲ್ಲಿ ಆರ್ಮಾಂಡ್ ಕಾಯುತ್ತಿದ್ದ. ಅವನ ಮುಖ ಮದುವೆ ಮನೆಯವನಂತಿತ್ತು.

"ಇಂಥ ಕೇಸು ಜನ್ಮಕ್ಕೊಂದು ಬರುತ್ತೆ ಕಣೋ. ನಿಮ್ಮಕ್ಕ ಬದುಕಿರೋವರೆಗೆ ನರ್ಸು, ಮನೆ, ಎಲ್ಲ ಲಾರಿಯ ವಿಮೆ ಕಂಪನಿಯವರ ತಲೆ ಮೇಲೆ. ಇನ್ನೊಂದು ಮಜಾ ಕೇಳು. ಯಾವನೋ ಎಳೆದ, ನನ್ನ ಹೊಡೆದ ಅಂತ ಆ ಡ್ರೈವರ್ ಹೇಳ್ತಾನಂತೆ, ಅದನ್ನ ಕಂಡೋರಿಲ್ಲ, ಅಪಘಾತದಲ್ಲೇ ದವಡೆ ಮುರೀತು ಅಂತಾರೆ, ಯಾರೂ ನಂಬ್ತಿಲ್ಲ. ಮುರಿದ ದವಡೇಲೇ ಕಾರಿಗೆ ನುಗ್ಗಿ, ಆಂಬುಲೆನ್ಸ್ ಬರೋವರೆಗೂ ಇವಳ ತಲೇನ ಎರಡೂ ಕೈಲಿ ಹಿಡ್ಕೊಂಡು ಕೂತಿದ್ನಂತೆ. ನೋಡ್ದೋರಿದಾರೆ. ಕುತ್ತಿಗೆ ತಿರುಚಿದ್ದು ಅವನೇ ಅಂತ ನಿಮ್ಮಕ್ಕ ಪ್ರಮಾಣ ಮಾಡಿದ್ರೆ ಮುಗೀತು."

ರೊಡೆಲ್ ಅವನ ಕೊರಳಪಟ್ಟಿ ಹಿಡಿದು ಕಂಬಕ್ಕೆ ಬಡಿದ. ಎರಡನೇ ಸಲ ಬಡಿಯುವಷ್ಟರಲ್ಲಿ ಪಿಸ್ತೂಲಿನ ಹಿಡಿ ಅವನ ಹುಬ್ಬಿಗೆ ಬಿತ್ತು. ಕಣ್ಣಿಗೆ ರಕ್ತ ಇಳಿಯಿತು. ಆರ್ಮಾಂಡ್ ನಳಿಗೆಯನ್ನು ಅವನ ತುಟಿಗೆ ಒತ್ತಿದ.

"ಬಾಯಿ ಬಿಟ್ಟು ಸತ್ತೋರ ಹೆಸ್ರು ನಿನಗೂ ಗೊತ್ತು. ನೀನು ಹೇಳಿದ್ರೆ ನೀನು ಜೈಲಿಗೆ, ಅವಳು ಸರ್ಕಾರಿ ವಾರ್ಡಿಗೆ, ಬೆನ್ನು ಕೊಳೆತು ಸಾಯ್ತಾಳೆ. ಹೋಗು, ಮುಖ ತೊಳ್ಕೊಂಡು ಅಕ್ಕನಿಗೆ ಪಾಠ ಹೇಳ್ಕೊಡು."

ಮುಖ ತೊಳೆದುಕೊಂಡು ಅವನು ವಾರ್ಡಿಗೆ ಹೋದ. ವರ್ಲೀನ್ ಚಾವಣಿ ನೋಡುತ್ತ ಮಲಗಿದ್ದಳು. ಕತ್ತು ಅಲ್ಲಾಡದಂತೆ ತಲೆಗೆ ಕಬ್ಬಿಣದ ಬಳೆ ತಿರುಪಿ ಕೂರಿಸಿದ್ದರು. ಇಂಥವರನ್ನೇ ವರ್ಷಗಟ್ಟಲೆ ತಿರುವಿ ಮಲಗಿಸಿ, ಒರೆಸಿ, ಉಣ್ಣಿಸಿದ ಹೆಂಗಸು. ತನಗೆ ಏನಾಗಿದೆಯೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅವನು ಬಟ್ಟಲಿನ ಗಂಜಿ ಕಲಸಿ ಚಮಚ ಹಿಡಿದ. ಎರಡು ಚಮಚ ನುಂಗಿದಳು.

"ಯಾರೋ ನನ್ನ ತಲೆ ಹಿಡ್ಕೊಂಡಿದ್ರು ಕಣೋ," ಅಂದಳು. "ಅದೊಂದೇ ನೆನಪಿರೋದು. ಅವರ ಬಾಯಿಂದ ಬಿಸಿ ರಕ್ತ ನನ್ನ ಹಣೆ ಮೇಲೆ ತೊಟ್ಟಿಕ್ತಿತ್ತು. ಆದ್ರೂ ಕೈ ಬಿಡ್ಲಿಲ್ಲ. ನೀನೇ ತಾನೆ? ನಿನ್ನ ಹುಬ್ಬೂ ಒಡೆದಿದೆ."

ಹೂಂ ಅಂದುಬಿಡಬಹುದಿತ್ತು. ನಾಲಿಗೆ ತುದಿಗೆ ಬಂದಿತ್ತು ಕೂಡ.

"ಅಲ್ಲಕ್ಕ. ಅದು ಆ ಲಾರಿ ಡ್ರೈವರ್. ಅಲ್ಲಾಡಿಸ್ಬೇಡ ಅಂತ ಅವನು ಬೇಡ್ಕೊಂಡ. ನಾನು ಅವನ ದವಡೆ ಮುರಿದೆ. ನಿನ್ನ ಎಳೆದೋನು ನಾನು. ಇದು ನಾನು ಎಳೆದದ್ದಕ್ಕೆ ಆದದ್ದು." ಆಮೇಲೆ ಆರ್ಮಾಂಡ್ ಹೇಳಿದ್ದನ್ನೂ ಅಷ್ಟೂ ಹೇಳಿದ, ಪ್ರಮಾಣದ ಮಾತನ್ನೂ ಬಿಡದೆ.

"ಬಾಯಿ ಒರೆಸು," ಅಂದಳು ವರ್ಲೀನ್.

ತುಟಿಯಂಚಿನ ಗಂಜಿ ಒರೆಸಲು ಬೆರಳು ತಂದಾಗ ಅವಳು ಕಚ್ಚಿದಳು. ಇಡೀ ಮೈಯಲ್ಲಿ ಅವಳ ಮಾತು ಕೇಳುತ್ತಿದ್ದದ್ದು ಆ ಹಲ್ಲುಗಳು ಮಾತ್ರ. ಚರ್ಮ ಹರಿದು ಹಲ್ಲು ಮೂಳೆಗೆ ತಾಗಿತು. ರಕ್ತ ಅವಳ ಗಲ್ಲದ ಮೇಲಿಂದ ದಿಂಬಿಗೆ ಇಳಿಯಿತು. ರೊಡೆಲ್ ಕೈ ಎಳೆದುಕೊಳ್ಳಲಿಲ್ಲ, ಕೂಗಲೂ ಇಲ್ಲ. ದವಡೆ ಸೋತಾಗ ಅವಳೇ ಬಿಟ್ಟಳು.

"ಹೋಗಿ ಪೊಲೀಸರಿಗೆ ಹೇಳು," ಅಂದಳು, ಏದುಸಿರಿನಲ್ಲಿ. "ಅವನ ಮೇಲೆ ನಾನು ಸುಳ್ಳು ಪ್ರಮಾಣ ಮಾಡಲ್ಲ."

"ಹೇಳಿದ್ರೆ ಒಂದು ಕಾಸೂ ಬರಲ್ಲಕ್ಕ. ನನ್ನ ಒಳಗೆ ಹಾಕ್ತಾರೆ. ನಿನ್ನ ಯಾರು ನೋಡ್ಕೋತಾರೆ?"

"ಹೇಳದೆ ಇದ್ರೆ ನೋಡ್ಕೊಳ್ಳೋನು ನೀನು ತಾನೆ?" ವರ್ಲೀನ್ ಕಣ್ಣು ಮುಚ್ಚಿಕೊಂಡಳು. "ಅದು ಬೇಡ ನನಗೆ."