ಮೋಡ ತಿಂದ ಕುರಿಮರಿಯ ಕಣ್ಣು

೧೯೪೮ನೇ ಇಸವಿ ಮೇ ೧೦, ಸೋಮವಾರ, ಬೆಳಿಗ್ಗೆ ೬ ಗಂಟೆ ೧೨ ನಿಮಿಷಕ್ಕೆ ಆಳಂದದ ಜಗದೇವಪ್ಪ ಮಾಸ್ತರನ ಪಡಸಾಲೆಯಲ್ಲಿ ಆರು ಮಂದಿ ಹೆಂಗಸರು ಕುಂಚ ಹಿಡಿದು ಸಾಲಾಗಿ ಕುಳಿತರು. ೭ ಗಂಟೆಯೊಳಗೆ ಅವರು ಒಂದು ಕುರಿಮರಿಗೆ ಸಾವಿರದ ಆರುನೂರು ಕಣ್ಣು ಬರೆದು ಮುಗಿಸಬೇಕಿತ್ತು.

ಒಂದು ಕುರಿಮರಿಗೆ ಅಷ್ಟು ಕಣ್ಣು ಬೇಕಾದದ್ದು ಅದು ಸಿನಿಮಾದ ಕುರಿಮರಿಯಾದ್ದರಿಂದ. ಹೈದರಾಬಾದ್ ಸಂಸ್ಥಾನಕ್ಕೆ ಸರಕು ಬಿಡದಂತೆ ಸೊಲ್ಲಾಪುರದ ಗಡಿಯ ತಪಾಸಣೆ ನಾಕಾ ಬಿಗಿಯಾಗಿ ಹೊಸ ರೀಲು ಬರುವುದು ನಿಂತು ಆರು ತಿಂಗಳಾಗಿತ್ತು. ಉಪ್ಪು, ಸೀಮೆಎಣ್ಣೆಯಂಥ ಅಪಾಯಕಾರಿ ಸರಕಿನ ಜೊತೆಗೆ ಮಕ್ಕಳ ಸಿನಿಮಾವನ್ನೂ ಯಾರೋ ಜಾಣರು ನಿಷೇಧದ ಪಟ್ಟಿಗೆ ಸೇರಿಸಿದ್ದಿರಬೇಕು. ಡೇರೆ ಸಿನಿಮಾದ ಚಮನಸಾಬನ ಹತ್ತಿರ ಉಳಿದದ್ದು ಕೈಯಿಂದ ತಿರುಗಿಸುವ ಯಂತ್ರ ಮತ್ತು ಸವೆದು ಸವೆದು ಯಾವ ದೃಶ್ಯ ಬಂದರೂ ಮಳೆಯ ದೃಶ್ಯವಾಗಿ ಕಾಣುತ್ತಿದ್ದ ಒಂದು ರೀಲು. ಹೈದರಾಬಾದಿನ ಕಾಲೇಜಿನಲ್ಲಿ ವಿಜ್ಞಾನ ಓದಿ ಬಂದಿದ್ದ ಜಗದೇವಪ್ಪ ಆ ರೀಲನ್ನು ಒಗೆಯುವ ಸೋಡಾ ಬೆರೆಸಿದ ಬಿಸಿ ನೀರಿನಲ್ಲಿ ನೆನೆಸಿ, ಉಜ್ಜಿ, ಇದ್ದಬದ್ದ ನಟನಟಿಯರನ್ನೆಲ್ಲ ಬಚ್ಚಲಿಗೆ ಹರಿಸಿ, ನೂರು ಅಡಿ ಉದ್ದದ ಗಾಜಿನಂಥ ಪಟ್ಟಿ ತೆಗೆದ. ಅಡಿಗೆ ಹದಿನಾರು ಚೌಕ. ಚೌಕಕ್ಕೊಂದು ಚಿತ್ರ ಬರೆದು ಸೆಕೆಂಡಿಗೆ ಒಂದು ಅಡಿಯಂತೆ ಓಡಿಸಿದರೆ ಬರೆದದ್ದು ಚಲಿಸುತ್ತದೆ.

ಊರಿನ ಮಕ್ಕಳಿಗೆ ಏನು ತೋರಿಸಬೇಕೆಂಬುದರಲ್ಲಿ ಅವನಿಗೆ ಅನುಮಾನವಿರಲಿಲ್ಲ: ರಾಟೆ ಮತ್ತು ಸನ್ನೆಗೋಲು. ಮೇ ತಿಂಗಳ ರಜೆಯಲ್ಲಿ ನಾಲ್ಕು ವರ್ಷದ ಕೂಸುಗಳು ಸನ್ನೆಗೋಲಿಗಾಗಿಯೇ ಕಾದು ಕೂತಿವೆಯೆಂದು ಅವನು ನಂಬಿದ್ದ.

"ರಾಟಿ ನೋಡಬೇಕಂದ್ರ ಹುಡುಗ್ರು ಬಾವಿಗೆ ಹೋಗ್ತಾವ, ಡೇರೆಕ್ಕ ಯಾಕ ಬರ್ತಾವ್ರೀ?" ಎಂದಳು ಹೆಂಡತಿ ಸುಭದ್ರಾಬಾಯಿ. "ನಾ ಕುರಿಮರಿ ಬರೀತೇನಿ. ಅದು ಮೋಡ ತಿಂದು ಹಗರಾಗಿ ಹಾರತದ."

"ಕುರಿ ಹಾರೂದಿಲ್ಲ."

"ನೀವು ಬರದ ರಾಟಿನೂ ತಿರುಗೂದಿಲ್ಲ. ಬದನಿಕಾಯಿ ಕಂಡಂಗ ಕಾಣತದ."

ಇದು ನಿಜವಾಗಿತ್ತು. ಮನೆಯಲ್ಲಿ ಕೈ ನಡುಗದೆ ಬರೆಯಬಲ್ಲವಳು ರಂಗೋಲಿಯ ಸುಭದ್ರಾಬಾಯಿ ಒಬ್ಬಳೇ. ಆದ್ದರಿಂದ ಗಂಡ ಹೆಂಡತಿ ಒಂದು ಕರಾರು ಮಾಡಿಕೊಂಡರು. ಮೊದಲು ಕುರಿಮರಿ. ಮಕ್ಕಳು ಕೊನೆತನಕ ಕೂತು ನೋಡಿದರೆ ಅದು ಉಳಿಯುತ್ತದೆ. ಇಲ್ಲವಾದರೆ ಪಟ್ಟಿ ಮತ್ತೆ ಸೋಡಾ ನೀರಿಗೆ, ಆಮೇಲೆ ಅದರ ಮೇಲೆ ರಾಟೆ. ಇರುವುದು ಒಂದೇ ಪಟ್ಟಿ.

ಸುಭದ್ರಾಬಾಯಿ ಅಳಿಲಿನ ಬಾಲದ ಕೂದಲಿನ ಕುಂಚದಿಂದ ಇಂಚಗಲದ ಚೌಕಗಳಲ್ಲಿ ಐದು ತಿಂಗಳು ಬರೆದಳು. ರೊಟ್ಟಿ ಬಡಿದು, ಮುಸುರೆ ತಿಕ್ಕಿ, ಕಿಟಕಿಯಲ್ಲಿ ಬಿಸಿಲು ಇರುವಷ್ಟು ಹೊತ್ತು. ಜೋಳದ ತೆನೆಗೆ ಸಿಕ್ಕಿಬಿದ್ದ ಮೋಡವೊಂದನ್ನು ಕುರಿಮರಿ ತಿನ್ನುತ್ತದೆ, ಉಬ್ಬುತ್ತದೆ, ನೆಲ ಬಿಡುತ್ತದೆ, ಗಡಿಯ ನಾಕಾದವರ ತಲೆಯ ಮೇಲೆ ಯಾವ ಚೀಟಿಯೂ ಇಲ್ಲದೆ ಹಾದು ಹೋಗುತ್ತದೆ, ಸೀನುತ್ತದೆ, ಮಳೆಯಾಗುತ್ತದೆ. ಕುರಿಮರಿ ಹಾರುವಾಗ ಮಕ್ಕಳು ಬಾಯಿ ತೆರೆದು, ಉಸಿರು ಬಿಗಿಹಿಡಿದು ನೋಡಬೇಕೆಂಬುದು ಅವಳ ಆಸೆ. ಅದನ್ನು ಅವಳು ಗಂಡನಿಗೆ ಹೇಳಲಿಲ್ಲ. ಹೇಳಿದ್ದರೆ ಅವನು ಉಸಿರಿನ ಪ್ರಮಾಣ ಕೇಳುತ್ತಿದ್ದ.

ಅತ್ತೆ ಗುರಮ್ಮ ಮಧ್ಯೆ ಬಂದದ್ದು ಮೊದಲನೇ ಚೌಕದಲ್ಲೇ.

"ಕಣ್ಣು ಈಗ ಬರೀಬ್ಯಾಡ ಬೇ. ಮೂರ್ತಿ ಮಾಡವ್ರು, ಗೊಂಬಿ ಬರಿಯವ್ರು ಕಣ್ಣು ಕಡೀಕ ತೆರೀತಾರ. ಇದಂತೂ ನಡ್ಯಾಡೂ ಪ್ರಾಣಿ. ಮೈ ಅರ್ಧ ಆಗಿದ್ದಾಗ ಕಣ್ಣು ತೆರದ್ರ ತನ್ನ ಅವಸ್ಥಿ ತಾನ ನೋಡಿ ಹೆದರತದ. ಮುಹೂರ್ತ ನೋಡಿ ಎಲ್ಲಾ ಕಣ್ಣು ಒಮ್ಮೆಗೇ ತೆರೀಬೇಕು."

ಒಳ್ಳೆ ಹೊತ್ತು ಕೆಟ್ಟ ಹೊತ್ತು ಎಂಬುದಿಲ್ಲವೆಂದು ಎಂಟುನೂರು ವರ್ಷದಿಂದ ಹೇಳಿಕೊಂಡು ಬಂದ ಮನೆತನ ಅದು. ಕಣ್ಣು ಬರೆಯುವ ದಿನದ ಮರುದಿನವೇ ಬಸವ ಜಯಂತಿಯಲ್ಲಿ ಜಗದೇವಪ್ಪ ಇದೇ ವಿಷಯದ ಮೇಲೆ ಮಾತಾಡುವವನೂ ಇದ್ದ. ಹಾಗಾಗಿ ಮನೆಯವರು ಮಠದ ಅಯ್ಯನವರ ಹತ್ತಿರ ಹೋಗಿ ಮುಹೂರ್ತ ಕೇಳಿ ಬಂದರು: ೬-೧೨ರಿಂದ ೭ರ ವರೆಗೆ, ನಲವತ್ತೆಂಟು ನಿಮಿಷ.

ಜಗದೇವಪ್ಪ ತಾಯಿಯ ಮಾತಿಗೆ ಒಪ್ಪಿದ್ದು ಭಕ್ತಿಯಿಂದಲ್ಲ, ವಿಜ್ಞಾನದಿಂದ. ಮೈ ಬದಲಾಗುತ್ತದೆ, ಕಣ್ಣು ಬದಲಾಗದು. ಬದಲಾಗದ್ದನ್ನು ಕೊನೆಗೆ ಒಟ್ಟಿಗೆ ಮಾಡುವುದೇ ಕ್ರಮ. ಕುರಿ ಒಂದೇ ಮಗ್ಗುಲಿಗೆ ಕಾಣುವುದರಿಂದ ಚೌಕಕ್ಕೆ ಒಂದೇ ಕಣ್ಣು. ಆರು ಕೈ, ಕಣ್ಣಿಗೆ ಹತ್ತೂ ಮುಕ್ಕಾಲು ಸೆಕೆಂಡು. ಧಾರಾಳ. ಇನ್ನೂ ಒಂದು ಜಾಣತನ ಅವನಿಗೆ ಹೊಳೆಯಿತು. ಒಬ್ಬೊಬ್ಬರಿಗೆ ಪಟ್ಟಿಯ ಒಂದೊಂದು ತುಂಡು ಕೊಟ್ಟರೆ ಒಬ್ಬಳ ತಪ್ಪೆಲ್ಲ ಒಂದೇ ಕಡೆ ಗುಡ್ಡೆ ಬೀಳುತ್ತದೆ. ಅದಕ್ಕೆ ಚೌಕಗಳ ಅಂಚಿಗೆ ಒಂದರಿಂದ ಆರರವರೆಗೆ ಮತ್ತೆ ಮತ್ತೆ ಅಂಕಿ ಬರೆದ. ಪಟ್ಟಿಯನ್ನು ಹಗ್ಗದಂತೆ ಆರೂ ಜನರ ಮುಂದೆ ಎಳೆಯುವುದು, ಪ್ರತಿಯೊಬ್ಬಳೂ ತನ್ನ ಅಂಕಿಯ ಚೌಕಕ್ಕೆ ಮಾತ್ರ ಕಣ್ಣು ಇಡುವುದು. ದೋಷ ಎಲ್ಲ ಕಡೆ ಸಮನಾಗಿ ಹಂಚಿಹೋಗಿ ಸರಾಸರಿಯಲ್ಲಿ ಮಾಯವಾಗುತ್ತದೆ.

ಸುಭದ್ರಾಬಾಯಿ, ಗುರಮ್ಮ, ಚಮನಸಾಬನ ಹೆಂಡತಿ ಗೌಸಿಯಾಬೇಗಂ, ಓಣಿಯ ಸಾಬಮ್ಮ, ಗಂಗಾಬಾಯಿ, ಪ್ಯಾರಿಬಿ ಸಾಲಾಗಿ ಕುಳಿತರು. ಜಗದೇವಪ್ಪ ಗಡಿಯಾರ ಹಿಡಿದು ನಿಂತ. ಚಮನಸಾಬ ಪಟ್ಟಿ ಎಳೆದ.

"ಮಾಸ್ತರ್ರೇ, ಕಣ್ಣು ಹ್ಯಾಂಗ ಇರಬೇಕ್ರಿ?" ಗೌಸಿಯಾಬೇಗಂ ಕೇಳಿದಳು.

"ಕಣ್ಣು ಕಣ್ಣಿನಂಗ ಇರಬೇಕು. ಮಾತಾಡಬ್ಯಾಡ್ರಿ, ನಾಕು ಸೆಕೆಂಡು ಹೋದುವು."

"ರೀ, ಒಂದ್ ಚೂರು ನಿಲ್ಲಸ್ರಿ," ಎಂದಳು ಸುಭದ್ರಾಬಾಯಿ. "ನಾ ಬರದದ್ದು ನೋಡಿ ಎಲ್ಲಾರೂ ಹಂಗ ಬರೀಲಿ."

"ನಾವು ನಿಂತ್ರ ಮುಹೂರ್ತ ನಿಂದರತದೇನು?" ಎಂದ, ಮುಹೂರ್ತವನ್ನು ನಂಬದ ಮನುಷ್ಯ.

೬ ಗಂಟೆ ೫೯ ನಿಮಿಷಕ್ಕೆ ಕೊನೆಯ ಕಣ್ಣು ಬಿತ್ತು. ಒಂದು ನಿಮಿಷ ಉಳಿಸಿದ್ದಕ್ಕೆ ಜಗದೇವಪ್ಪ ಇಡೀ ದಿನ ಹಿಗ್ಗಿದ. ಉಳಿದ ಆ ನಿಮಿಷದಲ್ಲಿ ಪಟ್ಟಿಯನ್ನು ಒಮ್ಮೆ ನೋಡಬಹುದಿತ್ತು.

ಮಂಗಳವಾರ ಮಧ್ಯಾಹ್ನ ನಾಲ್ಕಕ್ಕೆ, ಕಿಟಕಿಗಳಿಗೆ ಕಂಬಳಿ ಬಿಗಿದ ಹತ್ತಿ ಗೋದಾಮಿನಲ್ಲಿ, ಆಳಂದದವೂ ಮಾದನಹಿಪ್ಪರಗಾದಿಂದ ಬಂಡಿಯಲ್ಲಿ ಬಂದವೂ ಸೇರಿ ಎಪ್ಪತ್ಮೂರು ಮಕ್ಕಳು ಬೆವರುತ್ತ ಕುಳಿತವು. ಹಿಂದೆ ತಾಯಂದಿರು. ಮುಂದೆ, ಮಕ್ಕಳ ಸಿನಿಮಾದಲ್ಲಿ ಮುಂದೆ ಕೂಡಲೇಬೇಕಾದ ದೇವಿಂದ್ರಪ್ಪ ಗೌಡರು, ಕುರ್ಚಿ ಸಮೇತ. ಎಂಟು ಅಡಿ ಅಗಲ ಕಟ್ಟಿದ ಧೋತರದ ಮೇಲೆ ಬೆಳಕು ಬಿತ್ತು. ಜೋಳದ ಹೊಲ. ತೆನೆಯಲ್ಲಿ ಮೋಡ. ಅದರತ್ತ ಹೊರಟ ಕುರಿಮರಿ.

ಕಾಲು ನಡೆಯುತ್ತಿದ್ದವು, ಬಾಲ ಅಲ್ಲಾಡುತ್ತಿತ್ತು. ಐದು ತಿಂಗಳ ಕೆಲಸ ಒಂದು ಗೆರೆಯೂ ತಪ್ಪಿರಲಿಲ್ಲ. ಕಣ್ಣಿಗೆ ಮಾತ್ರ ಹುಚ್ಚು ಹಿಡಿದಿತ್ತು. ಗುರಮ್ಮ ದೇವರ ಬೆಳ್ಳಿ ಮುಖವಾಡದ ಕಣ್ಣು ಬರೆದಿದ್ದಳು, ಕಿವಿಯ ತನಕ. ಗೌಸಿಯಾಬೇಗಂ ಸುರ್ಮಾ ಹಚ್ಚಿದ ಕಣ್ಣು ಬರೆದು ಬಾಲ ಎಳೆದಿದ್ದಳು. ದೃಷ್ಟಿ ಮಂದವಾದ ಸಾಬಮ್ಮ ಸಾಸಿವೆಯಷ್ಟು ಚುಕ್ಕಿ ಇಟ್ಟು ಒಮ್ಮೊಮ್ಮೆ ಅದನ್ನು ಮೂಗಿನ ಮೇಲೂ ಇಟ್ಟಿದ್ದಳು. ಗಂಗಾಬಾಯಿ ಬರೆದದ್ದು ಗುಡ್ಡೆ ಹೊರಬಿದ್ದ ಕಣ್ಣು. ಹೊಸ ಮದುಮಗಳು ಪ್ಯಾರಿಬಿ ಮರ್ಯಾದಸ್ಥರ ಮನೆಯವಳಾದ್ದರಿಂದ ಕುರಿಯ ರೆಪ್ಪೆಯನ್ನು ಕೆಳಗಿಳಿಸಿಯೇ ಬಿಟ್ಟಿದ್ದಳು. ಸುಭದ್ರಾಬಾಯಿಯ ನೆಟ್ಟ ಕಣ್ಣು ಇವುಗಳ ನಡುವೆ ಸಿಕ್ಕು ಒದ್ದಾಡುತ್ತಿತ್ತು. ಈ ಮೆರವಣಿಗೆ ಸೆಕೆಂಡಿಗೆ ಎರಡೂವರೆ ಸಲಕ್ಕಿಂತ ಹೆಚ್ಚು ಸುತ್ತುತ್ತಿತ್ತು. ದೋಷ ನಿಜವಾಗಿಯೂ ಸಮನಾಗಿ ಹಂಚಿಹೋಗಿತ್ತು. ಮಾಯವಾಗುವುದನ್ನು ಮಾತ್ರ ಮರೆತಿತ್ತು.

ಮೊದಲು ಒಂದು ಕೂಸು ಕಿಸಕ್ಕೆಂದಿತು. ಆಮೇಲೆ ಗೋದಾಮು ನಗೆಯಿಂದ ಸ್ಫೋಟಿಸಿತು.

"ಏ ಚಮನಸಾಬ, ನಿನ್ನ ಕುರಿ ನನಗ ಕಣ್ಣ ಹೊಡೀತು ಲೇ!" ಗೌಡರು ಕುರ್ಚಿಯಿಂದ ಎದ್ದರು.

"ಅದು ಎಲ್ಲಾರಿಗೂ ಹೊಡ್ಯಾಕತ್ತದ್ರಿ ಗೌಡ್ರ. ನಿಮಗೊಬ್ಬರಿಗೇ ಅಲ್ಲ, ಕೂಡ್ರಿ."

ನೂರು ಸೆಕೆಂಡಿನ ತನಕ ಮಕ್ಕಳು ಚೀರಿದವು, ಎದ್ದು ಕುಣಿದವು, ಒಂದರ ಮೇಲೊಂದು ಉರುಳಿದವು. ಕುರಿ ಸೀನಿದಾಗ ಎರಡು ಮಕ್ಕಳ ಚಡ್ಡಿ ಒದ್ದೆಯಾಯಿತು. ಸುಭದ್ರಾಬಾಯಿ ಕಂಬಕ್ಕೆ ಒರಗಿ ನಿಂತಿದ್ದಳು. ಮೊದಲ ನಗೆ ಅವಳಿಗೆ ಕೆನ್ನೆಗೆ ಏಟು ಬಿದ್ದಂತಾಗಿತ್ತು. ಆಮೇಲೆ ಅವಳು ಪರದೆ ಬಿಟ್ಟು ಮಕ್ಕಳ ಮುಖ ನೋಡತೊಡಗಿದಳು, ನೋಡುತ್ತಲೇ ಇದ್ದಳು.

ಜಗದೇವಪ್ಪ ಬಳಿಗೆ ಬಂದ. ಅವನ ಮುಖ ಕೆಂಪಾಗಿತ್ತು.

"ಕೊನೀತನಕ ಒಬ್ಬರೂ ಕೂತಿಲ್ಲ. ಎದ್ದಾರ, ಉರುಳ್ಯಾಡ್ಯಾರ. ಕರಾರು ಅಂದ್ರ ಕರಾರು. ನಾಳೆ ತೊಳೀತೇನಿ."

"ತೊಳೀರಿ," ಎಂದಳು ಸುಭದ್ರಾಬಾಯಿ. "ಸೋಡಾ ನಾನ ಕಾಸಿ ಕೊಡ್ತೇನಿ. ಆದ್ರ ಮೊದಲ ಇವರಿಗೆ ನೀವ ಹೇಳಿ ಬರ್ರಿ, ಕುರಿ ಅಳಿಸಿ ರಾಟಿ ಬರೀತೇನಿ ಅಂತ."

ಸತ್ಯ ಹೇಳಲು ಹೆದರುವ ಮನುಷ್ಯ ಅವನಲ್ಲ. ಪರದೆಯ ಮುಂದೆ ಹೋಗಿ ಕೈ ಎತ್ತಿದ. ಎಪ್ಪತ್ಮೂರು ಮುಖಗಳು ಅವನತ್ತ ತಿರುಗಿದವು. ಮುಂದೆ ಕೂತ ಒಂದು ಹುಡುಗಿ ಕೇಳಿತು: "ಸರ್ರಿ, ಕುರಿ ಯಾಕ ಹಂಗ ನೋಡತದ್ರಿ?"

"ಬರೆಯುವ ಕೈಗಳ ವ್ಯತ್ಯಾಸದಿಂದಾಗಿ..." ಎಂದು ಆರಂಭಿಸಿದ. ಹುಡುಗಿ ಬಾಯಿ ತೆರೆದು, ಉಸಿರು ಬಿಗಿಹಿಡಿದು ನೋಡುತ್ತಿತ್ತು. ಜಗದೇವಪ್ಪ ಕೆಮ್ಮಿದ. ಉಟ್ಟ ಧೋತರದ ಚುಂಗು ಸರಿಮಾಡಿಕೊಂಡ.

"ತಿಂದ ಮೋಡ ಹೊಟ್ಟಿಯೊಳಗ ತಿರಗಾಕತ್ತದ. ಅದಕ್ಕ," ಎಂದ.

ಪದವಿ ಪಡೆದ ಮೇಲೆ ಆತ ಆಡಿದ ಮೊದಲ ಅವೈಜ್ಞಾನಿಕ ಮಾತು ಅದು. ಮಕ್ಕಳು ಅದನ್ನು ತಕ್ಷಣ ಒಪ್ಪಿಕೊಂಡವು. ರಾಟೆಯ ಪಾಠಕ್ಕೆ ಇಂಥ ಒಪ್ಪಿಗೆ ಅವನಿಗೆ ಎಂದೂ ಸಿಕ್ಕಿರಲಿಲ್ಲ.

"ಹಂಗಾದ್ರ ಇನ್ನೊಮ್ಮೆ ತೋರಸ್ರಿ. ತಿರಗೂದು ನಿಂತದೇನು ನೋಡೋಣು," ಎಂದಿತು ಹುಡುಗಿ.

ಚಮನಸಾಬ ಮಾಸ್ತರನ ಮುಖ ನೋಡಿದ. ಮಾಸ್ತರ ನೆಲ ನೋಡಿದ. ಅಷ್ಟೇ ಸಾಕಾಗಿ ಚಮನಸಾಬ ಪಟ್ಟಿ ಸುತ್ತತೊಡಗಿದ. ಕುರಿಮರಿ ಅಂದು ಆರು ಸಲ ಹಾರಿತು. ಕೊನೆಯ ಸಲ ಗೌಡರು ತಮ್ಮ ಸರದಿ ಬಂದಾಗ ಕುರಿಗೆ ತಿರುಗಿ ಕಣ್ಣು ಹೊಡೆದರು.

ಬುಧವಾರ ಬೆಳಿಗ್ಗೆ ಸೋಡಾದ ಮಾತು ಯಾರೂ ಎತ್ತಲಿಲ್ಲ. ಸುಭದ್ರಾಬಾಯಿ ಪಟ್ಟಿಯನ್ನು ಮೆತ್ತನೆ ಅರಿವೆಯಲ್ಲಿ ಸುತ್ತಿ ಗಂಡನ ಮುಂದೆ ಇಟ್ಟಳು.

"ನಾಕಾ ತೆರದು ಇನ್ನೊಂದು ರೀಲು ಬಂದ ಮ್ಯಾಲ ಮುಂದಿನದು ಆನಿ. ಅದರ ಕಣ್ಣೂ ಹಿಂಗ ತಿರಗಬೇಕು, ಇಷ್ಟೇ ತಿರಗಬೇಕು. ಎಷ್ಟು ಅಂತ ಅಳದು ಹೇಳ್ರಿ. ನಿಮಗದು ಬರತದ."

ಜಗದೇವಪ್ಪ ಭೂತಗನ್ನಡಿ ತಂದು ಇನ್ನೂರು ಚೌಕ ಅಳೆದ. ಒಂದು ಚಿತ್ರದಿಂದ ಮುಂದಿನ ಚಿತ್ರಕ್ಕೆ ಕಣ್ಣಿನ ಗುಡ್ಡೆ ಸರಿಯುವ ಸರಾಸರಿ ದೂರ, ಪರದೆಯ ಮೇಲೆ, ನಾಲ್ಕು ಇಂಚು.