ತಲೆಗೊಂದು ಕೊನೆ

ನನ್ನ ಗಂಡ ಕ್ಷೌರದಂಗಡಿ ನಡೆಸುತ್ತಾರೆ, ಕಾದಂಬರಿಯನ್ನೂ ಬರೆದಿದ್ದಾರೆ. ಈ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದರೆ ಕೆಲವರಿಗೆ ನಗು ಬರುತ್ತದೆ. ಹಾಗೆ ನಕ್ಕವರಿಗೆ ನಾನು ಬೇಕಂತಲೇ ಸರಿಯಾಗಿ ಒಣಗದ ಟವೆಲ್ ಕೊಡುತ್ತೇನೆ. ಅಂಗಡಿಯ ಟವೆಲ್ಲುಗಳನ್ನು ಒಗೆದು ಒಣಗಿಸುವುದು, ಗಲ್ಲಾಪೆಟ್ಟಿಗೆಯ ಮುಂದೆ ಕೂತು ಯಾರ ಸರದಿ ಯಾವಾಗ ಎಂದು ನೋಡಿಕೊಳ್ಳುವುದು ನನ್ನ ಕೆಲಸ, ಆದ್ದರಿಂದ ಆ ಅಧಿಕಾರ ನನಗಿದೆ.

ಕಾದಂಬರಿ ಒಬ್ಬ ದೋಣಿಗಾರನದು. ಅವನು ದಿನವೂ ಜನರನ್ನು ದಾಟಿಸುವ ನದಿಗೆ ಸೇತುವೆ ಕಟ್ಟುವ ಕೆಲಸ ಶುರುವಾಗುತ್ತದೆ. ಸೇತುವೆ ಮುಗಿದ ಮೇಲೆ ಅವನ ಗತಿಯೇನು ಎನ್ನುವುದೇ ಕಥೆ. ಇವರು ಅದನ್ನು ಬೆಳಗ್ಗೆ ಅಂಗಡಿಯ ಬಾಗಿಲನ್ನು ಅರ್ಧ ಮಾತ್ರ ಎತ್ತಿ, ಗಿರಾಕಿಗಳ ಕುರ್ಚಿಯಲ್ಲೇ ಕೂತು, ತೊಡೆಯ ಮೇಲೆ ಹಲಗೆ ಇಟ್ಟುಕೊಂಡು ಬರೆದರು. ಬರೆಯುತ್ತಿದ್ದಷ್ಟು ಕಾಲ ಇವರಂಥ ಗಂಡ ಇನ್ನೊಬ್ಬನಿರಲಿಲ್ಲ. ಅಡುಗೆಗೆ ಉಪ್ಪು ಹೆಚ್ಚಾದರೂ ಗೊತ್ತಾಗುತ್ತಿರಲಿಲ್ಲ, ನನ್ನ ತಂಗಿ ಬಂದು ಎಷ್ಟು ದಿನ ಕೂತರೂ ಹುಬ್ಬು ಗಂಟು ಹಾಕುತ್ತಿರಲಿಲ್ಲ, ಸೀಟಿ ಹಾಕುತ್ತಾ ಸ್ನಾನ ಮಾಡುತ್ತಿದ್ದರು. ಇವರು ಬರೆಯುತ್ತಲೇ ಇರಲಿ ಎನ್ನುವುದರಲ್ಲಿ ನನ್ನ ಸ್ವಾರ್ಥವೂ ಇತ್ತು ಎಂದು ಮೊದಲೇ ಹೇಳಿಬಿಡುತ್ತೇನೆ.

ಪ್ರಕಾಶಕರು ಯಾರೂ ಹಾಂ ಎನ್ನಲಿಲ್ಲ, ಹೂಂ ಎನ್ನಲಿಲ್ಲ. ಆಗ ಗ್ರಂಥಾಲಯದಲ್ಲಿ, ತಮ್ಮ ಪುಸ್ತಕ ತಾವೇ ಅಚ್ಚು ಹಾಕಿಸುವವರಿಗೆಂದು ರಜಾದಿನದ ತರಗತಿ ಶುರುವಾಯಿತು. ಕಲಿಸುವ ಮೇಡಂ ತಮ್ಮ ಪುಸ್ತಕಗಳನ್ನೆಲ್ಲ ತಾವೇ ಪ್ರಕಟಿಸಿ ಪೆಟ್ಟು ತಿಂದು ಗಟ್ಟಿಯಾದವರು. ಎಂಥ ಕಾಗದ ಕಣ್ಣಿಗೆ ಹಿತ, ಪುಸ್ತಕದ ಬೆನ್ನಿನ ಮೇಲೆ ಹೆಸರು ಯಾಕೆ ಬೇಕು, ಅಂಗಡಿಯವರಿಗೆ ಎಷ್ಟು ರಿಯಾಯಿತಿ ಬಿಡಬೇಕು, ಅಂಚೆಗೆ ಹಾಕುವಾಗ ಮೂಲೆ ಮುದುಡದ ಹಾಗೆ ಹೇಗೆ ಕಟ್ಟಬೇಕು ಎಂದೆಲ್ಲ ಹೇಳಿಕೊಟ್ಟರು. ಇವರು ಮುಂದಿನ ಬೆಂಚಿನಲ್ಲಿ ಕೂತು ಒಂದಕ್ಷರ ಬಿಡದೆ ಬರೆದುಕೊಂಡರು.

ಅಚ್ಚಿನ ಮನೆಗೆ ನಾನೂ ಹೋಗಿದ್ದೆ. ಮೊದಲ ಪ್ರತಿ ಕೈಗೆ ಬಂದಾಗ ಇವರು ಮುಖಪುಟ ನೋಡಲಿಲ್ಲ, ತಮ್ಮ ಹೆಸರನ್ನೂ ನೋಡಲಿಲ್ಲ. ಹಾಳೆಗಳ ಅಂಚಿನ ಮೇಲೆ ಹೆಬ್ಬೆರಳು ಆಡಿಸಿ, "ಇಲ್ಲೊಂಚೂರು ಎದ್ದಿದೆ, ನೋಡಿ," ಎಂದರು. ಕತ್ತಿನ ಹಿಂದಿನ ಕೂದಲಿನ ಮೇಲೂ ಹೀಗೇ ಬೆರಳಾಡಿಸುತ್ತಾರೆ. ಮುದ್ರಕರು ನನ್ನ ಮುಖ ನೋಡಿದರು. ನಾನು ಗೋಡೆ ನೋಡಿದೆ. ಪಾಪ, ಅಷ್ಟೂ ಪ್ರತಿಗಳ ಅಂಚನ್ನು ಇನ್ನೊಮ್ಮೆ ಕತ್ತರಿಸಿಕೊಟ್ಟರು.

ಪುಸ್ತಕದಂಗಡಿಗಳು ಪ್ರತಿಗಳನ್ನೇನೋ ಇಟ್ಟುಕೊಂಡವು, ಆದರೆ ಎಲ್ಲಕ್ಕಿಂತ ಕೆಳಗಿನ ಕಪಾಟಿನಲ್ಲಿ, ಭೂಪಟಗಳ ಹಿಂದೆ. ಸ್ವಲ್ಪ ದಿನಕ್ಕೆ ಎಲ್ಲವೂ ವಾಪಸ್ ಬಂದವು. ಮೇಡಂ ಮಾತ್ರ ಧೈರ್ಯಗೆಡಲಿಲ್ಲ.

"ಅಂಗಡಿಯವರನ್ನ ಬಿಡಿ. ನಿಮ್ಮ ಓದುಗರು ಎಲ್ಲಿ ಕೂತಿರ್ತಾರೋ ಅಲ್ಲೇ ಮಾರಿ. ಮಾದರಿಗೆ ಒಂದು ಪ್ರತಿ ಕೈಗೆ ಸಿಗೋ ಹಾಗಿಡಿ, ರುಚಿ ಹತ್ತಿದ್ರೆ ತಾವೇ ಕೊಂಡ್ಕೋತಾರೆ," ಎಂದರು.

ಓದುಗರು ಕೂರುವ ಜಾಗ ನಮ್ಮಲ್ಲೇ ಇತ್ತಲ್ಲ! ಸರದಿ ಕಾಯುವವರ ಬೆಂಚಿನ ಮೇಲೆ ಒಂದು ಪ್ರತಿ ಇಟ್ಟೆವು, ಬೆಂಚಿನ ಕೆಳಗೆ ಮಾರುವ ಪ್ರತಿಗಳ ಪೆಟ್ಟಿಗೆಗಳು.

ರುಚಿ ಹತ್ತಿತು, ನಿಜ. ಬಂದವರೆಲ್ಲ ಬೆಂಚಿನ ಪ್ರತಿಯನ್ನೇ ಓದಿದರು. ಕ್ಷೌರಕ್ಕೊಮ್ಮೆ ಬಂದು ಒಂದೊಂದು ಅಧ್ಯಾಯ ಮುಗಿಸಿ, ಗುರುತಿಗೆ ಬಸ್ಸಿನ ಟಿಕೆಟ್ಟೋ ಮುರಿದ ಬಾಚಣಿಗೆಯ ಚೂರೋ ಸಿಕ್ಕಿಸಿ ಹೋಗುತ್ತಿದ್ದರು. ಪೋಸ್ಟ್‌ಮ್ಯಾನ್ ಅಂತೂ ವಾರವಾರವೂ ಬರತೊಡಗಿದರು. ಅವರ ತಲೆಯಲ್ಲಿ ಕಿವಿಯ ಆಸುಪಾಸು ಬಿಟ್ಟರೆ ಕತ್ತರಿಸುವಂಥದ್ದೇನೂ ಉಳಿದಿಲ್ಲ. ಇವರಿಗೆ ಅದೇ ದೊಡ್ಡ ಖುಷಿ. ಪೆಟ್ಟಿಗೆಯ ಪುಸ್ತಕವನ್ನು ಮಾತ್ರ ಒಬ್ಬನೂ ಮುಟ್ಟಲಿಲ್ಲ.

ತಿಂಗಳುಗಳು ಕಳೆದಂತೆ ಖುಷಿ ಇಳಿಯಿತು. ಒಂದು ಮಧ್ಯಾಹ್ನ ಇವರು ನೆಲದ ಕೂದಲು ಗುಡಿಸುತ್ತಾ ಪೆಟ್ಟಿಗೆಯನ್ನು ಕಾಲಿನಿಂದ ಒಳಗೆ ತಳ್ಳಿದರು.

"ಇನ್ನೊಂದು ಬರೆಯಲ್ಲ ಕಣೇ. ಕೈಯಿಂದ ಕಾಸು ಬಿಚ್ಚಿ ಕೊಳ್ಳೋರು ಒಬ್ಬರೂ ಇಲ್ಲ ಅಂದ್ರೆ ಅದು ಪುಸ್ತಕ ಅಲ್ಲ, ಕಾಯೋರಿಗೆ ಬೀಸಣಿಗೆ."

"ಓದ್ತಾ ಇದಾರಲ್ಲ?"

"ಪುಕ್ಕಟೆ ಸಿಕ್ಕಿದ್ರೆ ಗೋಡೆ ಮೇಲಿನ ಜಾಹೀರಾತೂ ಓದ್ತಾರೆ."

ಇವರು ಸಿಟ್ಟಿನಲ್ಲಿ ಹೇಳುವ ಮಾತುಗಳಿಗೆ ನಾನು ಕ್ಯಾರೆ ಎನ್ನುವುದಿಲ್ಲ, ಆದರೆ ಇದನ್ನು ಮೆಲ್ಲಗೆ ಹೇಳಿದ್ದರು. ಸೀಟಿ ಇಲ್ಲದ ಸ್ನಾನ, ಹಲಗೆ ಇಲ್ಲದ ಬೆಳಗು, ನನ್ನ ತಂಗಿ ಬಂದಾಗ ಗಂಟು ಹಾಕಿದ ಹುಬ್ಬು ಎಲ್ಲ ಕಣ್ಣ ಮುಂದೆ ಬಂದವು. ಹೀಗೇ ಬಿಟ್ಟರೆ ಆಗುವುದಿಲ್ಲ ಎಂದುಕೊಂಡೆ.

ಮಾರನೆಯ ಬೆಳಗ್ಗೆ ಇವರು ಬರುವುದಕ್ಕೆ ಮೊದಲೇ ಹೋಗಿ, ಇವರದೇ ರೇಜರಿನಿಂದ ಬೆಂಚಿನ ಪ್ರತಿಯ ಕೊನೆಯ ಅಧ್ಯಾಯವನ್ನು ನೀಟಾಗಿ ಕತ್ತರಿಸಿ ತೆಗೆದೆ. ಓದುತ್ತಾ ಅಲ್ಲಿಯವರೆಗೆ ಇನ್ನೂ ಯಾರೂ ತಲುಪಿರಲಿಲ್ಲ, ಪೋಸ್ಟ್‌ಮ್ಯಾನ್ ಅದರ ಹೊಸ್ತಿಲಲ್ಲಿದ್ದರು. ಸೇತುವೆ ಉದ್ಘಾಟನೆಯಾಗುತ್ತದೆ, ದೋಣಿಗಾರ ಹುಟ್ಟು ಕೆಳಗಿಡುತ್ತಾನೆ, ಮುಂದೆ ಬರೀ ರಟ್ಟು. ಕೊನೆ ಬೇಕಿದ್ದವರು ಪೆಟ್ಟಿಗೆಗೆ ಕೈ ಹಾಕಲೇಬೇಕು. ನನ್ನ ಬುದ್ಧಿಗೆ ನಾನೇ ಶಹಬ್ಬಾಸ್ ಹೇಳಿಕೊಂಡೆ.

ವಾರಗಳು ಉರುಳಿದವು. ಒಬ್ಬೊಬ್ಬರೇ ಆ ರಟ್ಟನ್ನು ಮುಟ್ಟಿದರು. ಓದುತ್ತಿದ್ದವರು ತಲೆಯೆತ್ತಿ "ಮುಂದೆ?" ಎನ್ನುವುದು, ನಾನು ಗಂಭೀರವಾಗಿ ಪೆಟ್ಟಿಗೆಯತ್ತ ಬೆರಳು ತೋರಿಸುವುದು. ಅವರು ಹೂಂ ಎಂದು ತಲೆಯಾಡಿಸಿ, ಸರದಿ ಬಂದಾಗ ಕುರ್ಚಿಗೆ ಹೋಗಿ ಕೂರುತ್ತಿದ್ದರು. ಏಳುವಾಗ ಮುಖದಲ್ಲಿ ಎಂಥದೋ ಸಮಾಧಾನ. ಕ್ಷೌರದ ದುಡ್ಡು ಕೊಟ್ಟು ಹೊರಟೇಹೋಗುತ್ತಿದ್ದರು.

ನನಗೆ ಅನುಮಾನ ಬಂತು. ಟವೆಲ್ ಮಡಚುವ ನೆಪದಲ್ಲಿ ಕುರ್ಚಿಯ ಹತ್ತಿರ ನಿಂತೆ. ಕುರ್ಚಿಯಲ್ಲಿ ಬೇಕರಿಯವರಿದ್ದರು, ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡ ಆಸಾಮಿ. ಇವರು ಅವರ ಕಿವಿಯ ಬಳಿ ಕತ್ತರಿ ಆಡಿಸುತ್ತಾ ಪಿಸುಗುಟ್ಟುತ್ತಿದ್ದರು.

"ದೋಣಿಗಾರ ಸುಮ್ಮನಿರ್ತಾನಾ? ಸೀದಾ ಸಮಾರಂಭಕ್ಕೆ ನುಗ್ಗಿ ಕಂಟ್ರಾಕ್ಟರನ್ನ ಎತ್ತಿ ನೀರಿಗೆಸೆದ."

"ಹಾಗಾಗಬೇಕು ನನ್ಮಗನಿಗೆ!" ಎಂದರು ಬೇಕರಿಯವರು.

ಕಾದಂಬರಿಯಲ್ಲಿ ಕಂಟ್ರಾಕ್ಟರನ ಬಟ್ಟೆ ಕೂಡ ಒದ್ದೆಯಾಗುವುದಿಲ್ಲ. ಗಿರಾಕಿ ಹೋದ ಕೂಡಲೇ ನಾನು ಕೆಂಡಾಮಂಡಲವಾದೆ.

"ಏನ್ರೀ ಇದು? ನಾನು ಕೊನೆ ಕತ್ತರಿಸಿಟ್ರೆ ನೀವು ಇಲ್ಲಿ ಹಂಚ್ತಾ ಇದೀರಾ? ಅದೂ ಸುಳ್ಳು ಕೊನೆ!"

"ಕತ್ತರಿಸಿದ್ದು ನೀನೇನಾ? ಅಂಟು ಬಿಟ್ಟಿದೆ ಅಂದ್ಕೊಂಡಿದ್ದೆ," ಎಂದರು. ಸಿಟ್ಟಾಗಲಿಲ್ಲ. "ಕುರ್ಚೀಲಿ ಕೂತು ಕೇಳಿದ್ರೆ ಇಲ್ಲ ಅನ್ನೋಕಾಗತ್ತಾ?"

"ಇದ್ದದ್ದನ್ನೇ ಹೇಳ್ಬಹುದಿತ್ತಲ್ಲ? ಪೋಸ್ಟ್‌ಮ್ಯಾನ್‌ಗೆ ಏನು ಹೇಳಿದ್ರಿ?"

"ದೋಣಿಗಾರ ಮತ್ತೆ ಮದುವೆ ಆದ ಅಂತ. ಪಾಪ, ಹೆಂಡತಿ ಹೋದ್ಮೇಲೆ ಒಬ್ಬರೇ ಇದಾರೆ."

"ಮಿಕ್ಕೋರಿಗೆ?"

"ಅವರವರಿಗೆ ಒಪ್ಪೋದನ್ನ." ಕತ್ತರಿಯ ಕೂದಲು ಊದಿ, ಲೋಕದಲ್ಲಿ ಇದಕ್ಕಿಂತ ಸರಳವಾದ ವಿಷಯ ಇಲ್ಲವೆನ್ನುವ ಮುಖ ಮಾಡಿದರು. "ಎಲ್ಲರಿಗೂ ಒಂದೇ ಕಟಿಂಗ್ ಹೊಡೆಯೋಕಾಗತ್ತೇನೇ? ತಲೆ ನೋಡಬೇಡ್ವಾ?"

ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ. ಲೇಖಕನಾದರೂ ಕೈಯಲ್ಲಿರುವುದು ಕತ್ತರಿಯೇ. ನಾನು ತಲೆಯ ಮೇಲೆ ಕೈ ಹೊತ್ತು ಗಲ್ಲಾಪೆಟ್ಟಿಗೆಯ ಮುಂದೆ ಕೂತೆ.

ಮುಂದಿನ ರಜಾದಿನ ಬೆಂಚು ತುಂಬಿತ್ತು. ಪೋಸ್ಟ್‌ಮ್ಯಾನ್ ಪಕ್ಕದವರಿಗೆ, "ಆ ವಯಸ್ಸಲ್ಲೂ ದೋಣಿಗಾರ ಧೈರ್ಯ ಮಾಡಿ ಮದುವೆ ಆದ, ನೋಡಿ," ಎನ್ನುತ್ತಿದ್ದಾಗ ಬೇಕರಿಯವರು ತಿರುಗಿದರು.

"ಯಾವ ಮದುವೆ ರೀ? ಅವನು ಜೈಲಲ್ಲಿದಾನೆ!"

"ಜೈಲಾ? ಯಾಕೆ?"

"ಕಂಟ್ರಾಕ್ಟರನ್ನ ನೀರಿಗೆಸೆದ್ರೆ ಮೆರವಣಿಗೆ ಮಾಡ್ತಾರಾ?"

ಮೂಲೆಯಲ್ಲಿದ್ದ ಟ್ಯಾಕ್ಸಿ ಚಾಲಕ ಬಾಯಿ ಹಾಕಿದ, "ಇಬ್ಬರಿಗೂ ಗೊತ್ತಿಲ್ಲ. ಅವನು ದೋಣಿ ಮಾರಿ ಟ್ಯಾಕ್ಸಿ ತಗೊಂಡು ಅದೇ ಸೇತುವೆ ಮೇಲೆ ಓಡಿಸ್ತಾನೆ. ನನಗೆ ಸ್ವತಃ ಬರೆದೋರೇ ಹೇಳಿದ್ದು."

"ನನಗೂ ಅವರೇ ಹೇಳಿದ್ದು!" ಎಂದು ಮಿಕ್ಕ ಇಬ್ಬರೂ ಒಟ್ಟಿಗೆ ಕೂಗಿದರು.

ಎಲ್ಲರೂ ಇವರ ಕಡೆ ತಿರುಗಿದರು. ಇವರು ಕುರ್ಚಿಯಲ್ಲಿದ್ದವರ ಗಲ್ಲಕ್ಕೆ ನೊರೆ ಹಚ್ಚುವುದರಲ್ಲಿ ಲೀನವಾಗಿಬಿಟ್ಟರು. ಹಚ್ಚಿದ ಕಡೆಯೇ ಮತ್ತೆ ಹಚ್ಚಿ, ಗಿರಾಕಿಯ ಮೂಗೂ ಮುಚ್ಚಿಹೋಯಿತು. ನನಗೆ ನಗು ತಡೆಯಲಾಗಲಿಲ್ಲ. ಎದ್ದು ಬೆಂಚಿನ ಕೆಳಗಿನ ಪೆಟ್ಟಿಗೆಯನ್ನು ಎಳೆದೆ.

"ಅಚ್ಚಾಗಿರೋದು ಇದರಲ್ಲಿದೆ. ಯಾರು ಹೇಳಿದ್ದು ಸರಿ ಅಂತ ನೀವೇ ನೋಡ್ಕೊಳ್ಳಿ," ಎಂದೆ.

ಮೊದಲು ದುಡ್ಡು ತೆಗೆದದ್ದು ಬೇಕರಿಯವರು, ಗೆಲ್ಲುವ ಹಟಕ್ಕೆ. ಪೋಸ್ಟ್‌ಮ್ಯಾನ್ ತಮಗೊಂದು ಕೊಂಡರು, ಟ್ಯಾಕ್ಸಿ ಚಾಲಕ ತನಗೂ ಮಾವನಿಗೂ ಕೊಂಡ. ಜಗಳದ ಸುದ್ದಿ ಬೀದಿಯ ಆ ತುದಿ ಮುಟ್ಟಿತು. ತಮ್ಮದೇ ಒಂದೊಂದು ಕೊನೆ ಕೇಳಿ ಹೋಗಿದ್ದವರೆಲ್ಲ ತಲೆಯಲ್ಲಿ ಕೂದಲು ಬೆಳೆಯುವ ಮೊದಲೇ ವಾಪಸ್ ಬಂದರು. ಪೆಟ್ಟಿಗೆಗಳು ಖಾಲಿಯಾದವು. ಕೊನೆಯ ಪ್ರತಿ ಹೋದ ದಿನ ಇವರು ಕ್ಷೌರಕ್ಕೆ ಬಂದವರ ಕತ್ತಿನ ಮೇಲೆ ಒಂದು ಕೂದಲೂ ಉಳಿಯದಂತೆ ಮತ್ತೆಮತ್ತೆ ಒರೆಸಿ ಕಳಿಸಿದರು.

ಅಚ್ಚಾದ ಕೊನೆಯಲ್ಲಿ ದೋಣಿಗಾರ ಮೊದಲ ಸಲ ಸೇತುವೆ ಹತ್ತಿ, ನಡುಮಧ್ಯೆ ನಿಂತು ಕೆಳಗಿನ ನೀರು ನೋಡುತ್ತಾನೆ, ಅಷ್ಟೇ. ಅದನ್ನೋದಿ ಮೂವರೂ ಒಟ್ಟಿಗೇ ಬಂದರು. ದುಡ್ಡು ವಾಪಸ್ ಕೇಳುತ್ತಾರೇನೋ ಎಂದು ನಾನು ಗಲ್ಲಾಪೆಟ್ಟಿಗೆಗೆ ಕೀಲಿ ಹಾಕಿದೆ.

"ನಮ್ಮಲ್ಲಿ ಯಾರೂ ಗೆಲ್ಲಲಿಲ್ಲ," ಎಂದರು ಬೇಕರಿಯವರು, ಕೋಪವಿಲ್ಲದೆ. "ನಾನೂ ಆ ಸೇತುವೆ ಮೇಲೇ ನಿಂತ ಹಾಗಿತ್ತು ಕಣ್ರೀ. ಇಳಿಯೋಕೇ ಮನಸ್ಸಾಗಲಿಲ್ಲ."

ಪೋಸ್ಟ್‌ಮ್ಯಾನ್ ಕೇಳಿದರು, "ಮುಂದಿನದು ಯಾವಾಗ?"

ಇವರು ಕತ್ತರಿ ಕೆಳಗಿಟ್ಟು ನನ್ನ ಕಡೆ ನೋಡಿದರು. ಕಣ್ಣಲ್ಲಿ ನೀರಿತ್ತು. ನನ್ನ ಕಣ್ಣಲ್ಲೂ ಇತ್ತು, ಮುಚ್ಚಿಡುವುದೇಕೆ.

ಮರುವಾರದಿಂದ ಬಾಗಿಲು ಮತ್ತೆ ಅರ್ಧ ಮಾತ್ರ ಏಳುತ್ತಿದೆ. ಬೇಗ ಬಂದ ಗಿರಾಕಿಗಳು ಹೊರಗಿನ ಮೆಟ್ಟಿಲ ಮೇಲೆ ಕೂತು ಕಾಯುತ್ತಾರೆ, ಯಾರಾದರೂ ಜೋರಾಗಿ ಮಾತಾಡಿದರೆ ಪೋಸ್ಟ್‌ಮ್ಯಾನ್ ಗದರುತ್ತಾರೆ. ನಿನ್ನೆ ನಾನು ಬಾಗಿಲ ಕೆಳಗೆ ಬಗ್ಗಿ ಟೀ ಕೊಡಲು ಹೋದಾಗ ಇವರು ಹಲಗೆಯಿಂದ ತಲೆಯೆತ್ತಿದರು. ಮುಖ ಅರಳಿತ್ತು.

"ಇದರ ಕೊನೆ ಹೊಳೆದುಬಿಡ್ತು ಕಣೇ. ಕೂತ್ಕೋ, ಹೇಳ್ತೀನಿ."

"ಬೇಡಿ," ಎಂದೆ. "ನಾನು ಕೊಂಡ್ಕೊಂಡು ಓದ್ತೀನಿ."